ಗರಡಿಯಿಂದ ಕ್ರೀಡಾಸಂಘಕ್ಕೆ: ಕೋಲಾರದ ಗಡಿಸೀಮೆಯಲ್ಲಿ ಆಟದ ಬಯಲು ಮತ್ತು ಕ್ಯಾನ್ಸರ್ ಅರಿವು

ಗ್ರಾಮೀಣ ಸಮಾಜದಲ್ಲಿ ಆಟವು ಕೇವಲ ವಿರಾಮದ ವಿನೋದವಾಗಿ ಉಳಿದಿಲ್ಲ. ಹಬ್ಬ, ಜಾತ್ರೆ, ಸುಗ್ಗಿಗಳೊಂದಿಗೆ ಬೆಸೆದುಕೊಂಡು, ಊರಿನ ಮಾನಾಪಮಾನಗಳ ಭಾಗವಾಗಿ, ತರುಣರನ್ನು ಒಂದು ಶಿಸ್ತಿಗೆ ಒಳಪಡಿಸುವ ವ್ಯವಸ್ಥೆಯಾಗಿ ಅದು ಬೆಳೆದುಬಂದಿದೆ. ಹಿಂದಿನ ಗರಡಿಮನೆಯೂ ಇಂದಿನ ಕಬಡ್ಡಿ, ಕ್ರಿಕೆಟ್, ವಾಲಿಬಾಲ್ ಸಂಘಗಳೂ ಈ ವ್ಯವಸ್ಥೆಯ ಎರಡು ಘಟ್ಟಗಳು. ಇಂಥ ಸಂಘಗಳು ಕ್ಯಾನ್ಸರ್ ಅರಿವಿನ ಕಾರ್ಯದಲ್ಲಿ ತೊಡಗಬೇಕೆ, ತೊಡಗುವುದಾದರೆ ಯಾವ ಬಗೆಯಲ್ಲಿ ಎಂಬ ಪ್ರಶ್ನೆ ಇತ್ತೀಚಿನ ದಶಕಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತಿದೆ. ಮೇಲ್ನೋಟಕ್ಕೆ ಇದು ಆರೋಗ್ಯ ಇಲಾಖೆಗೆ ಸಂಬಂಧಿಸಿದ ಆಧುನಿಕ ಪ್ರಶ್ನೆಯೆನಿಸಿದರೂ ಇದರ ಬೇರುಗಳು ಜನಪದ ಬದುಕಿನಲ್ಲಿವೆ. ಶ್ರೀನಿವಾಸಪುರ ತಾಲ್ಲೂಕಿನ ರಾಯಲ್ಪಾಡು ಹೋಬಳಿಯನ್ನು ಒಳಗೊಂಡ ಕೋಲಾರದ ಗಡಿಸೀಮೆಯನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಚಾರಿತ್ರಿಕವಾಗಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ರಾಯಲ್ಪಾಡು ಆಂಧ್ರಪ್ರದೇಶದ ಗಡಿಗೆ ಹೊಂದಿಕೊಂಡ ಹೋಬಳಿ ಕೇಂದ್ರ. ಹಿಂದೆ ಪಾಪನಪಲ್ಲಿ ಎಂದು ಹೆಸರಾಗಿದ್ದ ತಾಲ್ಲೂಕು ಕೇಂದ್ರಕ್ಕೆ ದಿವಾನ್ ಪೂರ್ಣಯ್ಯನವರು ತಮ್ಮ ಮಗನ ಹೆಸರಿನಿಂದ ಶ್ರೀನಿವಾಸಪುರವೆಂದು ಕರೆದರೆಂಬುದು ಪ್ರಸಿದ್ಧ ಸಂಗತಿ. ಮಾವು ಈ ತಾಲ್ಲೂಕಿನ ಜೀವಾಳ. ಶಾಲೆ ಕಚೇರಿಗಳಲ್ಲಿ ಕನ್ನಡ, ಮನೆ ಹೊಲಗಳಲ್ಲಿ ಬಹುಮಟ್ಟಿಗೆ ತೆಲುಗು ಎಂಬ ದ್ವಿಭಾಷಾ ವಾತಾವರಣ ಇಲ್ಲಿಯದು. ಕಬಡ್ಡಿಯನ್ನೇ ಚೆಡುಗುಡು ಎಂದೂ ಕರೆಯುವ, ಕೋಲಾಟದ ಪದಗಳನ್ನು ಎರಡು ಭಾಷೆಗಳಲ್ಲಿಯೂ ಹಾಡುವ ಸೀಮೆಯಿದು. ಆಟಕ್ಕಾಗಲಿ ರೋಗಕ್ಕಾಗಲಿ ರಾಜ್ಯದ ಗಡಿ ಅಡ್ಡಬಾರದೆಂಬುದಕ್ಕೆ ಇಂಥ ಪ್ರದೇಶಗಳೇ ಉತ್ತಮ ನಿದರ್ಶನ.

1. ಗರಡಿ: ದೇಹದ ಪಾಠಶಾಲೆ

ಕರ್ನಾಟಕದಲ್ಲಿ ಮಲ್ಲವಿದ್ಯೆಗೆ ದೀರ್ಘವಾದ ಇತಿಹಾಸವಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಹನ್ನೆರಡನೆಯ ಶತಮಾನದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದಕ್ಕೆ ಪ್ರತ್ಯೇಕ ಸ್ಥಾನವಿದೆ. ಮೈಸೂರು ದಸರೆಯಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗ ಇಂದಿಗೂ ಉಳಿದುಬಂದಿದೆ. ಅರಮನೆಯ ಆಶ್ರಯದ ಈ ಪರಂಪರೆಗೆ ಸಮಾನಾಂತರವಾಗಿ ಊರೂರುಗಳಲ್ಲಿ ಗರಡಿಮನೆಗಳು ಬೆಳೆದವು. ಕೆಮ್ಮಣ್ಣಿನ ಮಟ್ಟಿ, ಹನುಮಂತನ ಪಟ, ಗದೆ, ಕಲ್ಲುಗುಂಡು, ಸಾಮು ತೆಗೆಯುವ ಹುಡುಗರು, ಅವರ ಮೇಲೆ ಕಣ್ಣಿಟ್ಟ ಉಸ್ತಾದ ಇವಿಷ್ಟು ಗರಡಿಯ ಸಾಮಾನ್ಯ ಚಿತ್ರ. ಗುರುವಿಗೆ ‘ಉಸ್ತಾದ’ ಎಂಬ ಪದ ಬಳಕೆಗೆ ಬಂದಿರುವುದೇ ಹಿಂದೂ ಮುಸ್ಲಿಮರಿಬ್ಬರೂ ಈ ಮಣ್ಣನ್ನು ಹಂಚಿಕೊಂಡಿದ್ದರೆಂಬುದಕ್ಕೆ ಸಾಕ್ಷಿ.

ಗರಡಿಯ ಮುಖ್ಯ ಲಕ್ಷಣ ಅದರ ನಿಯಮಗಳಲ್ಲಿದೆ. ಮೆಟ್ಟು ಹೊರಗಿಡಬೇಕು, ಮಟ್ಟಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು, ಊಟ ನಿದ್ರೆಗಳು ಹಿತಮಿತವಾಗಿರಬೇಕು, ದುಶ್ಚಟಗಳಿಗೆ ಎಡೆಗೊಡಬಾರದು. ಅಂದರೆ ದೇಹವನ್ನು ಕಾಪಾಡಿಕೊಳ್ಳುವುದು ಇಲ್ಲಿ ವೈಯಕ್ತಿಕ ಆಯ್ಕೆಯಾಗಿರಲಿಲ್ಲ. ಗುಂಪು ಒಪ್ಪಿಕೊಂಡ ವ್ರತವಾಗಿತ್ತು. ಸಂಘ ಆರೋಗ್ಯದ ಮಾತನ್ನು ಏಕೆ ಆಡಬೇಕು ಎಂಬ ಪ್ರಶ್ನೆಗೆ ಮೊದಲ ಉತ್ತರ ಇಲ್ಲಿದೆ. ಗರಡಿ ಆರಂಭದಿಂದಲೂ ಆ ಮಾತನ್ನೇ ಆಡುತ್ತಿತ್ತು. ಸ್ವಾತಂತ್ರ್ಯಾನಂತರ ಯುವಕ ಸಂಘಗಳು ಹೆಚ್ಚಿದವು. 1972ರಲ್ಲಿ ನೆಹರೂ ಯುವ ಕೇಂದ್ರಗಳು ಆರಂಭವಾದವು. ಗರಡಿಯ ಮಟ್ಟಿ ಒಣಗಿದ ಕಡೆಗಳಲ್ಲಿ ಕಬಡ್ಡಿಯ ಅಂಕಣ, ವಾಲಿಬಾಲ್ ಬಲೆ, ಕ್ರಿಕೆಟ್ ಬಯಲು ಬಂದವು. ಆದರೆ ಈ ಸ್ಥಿತ್ಯಂತರದಲ್ಲಿ ಆಟ ಉಳಿದು ವ್ರತ ಕಳಚಿಹೋಯಿತು. ಪಂದ್ಯದ ನಡುವೆ ತಂಬಾಕಿನ ಪೊಟ್ಟಣ ಹರಿಯುವ ಆಟಗಾರನಿಗೆ ಅದು ಆಟದ ನಿಯಮಕ್ಕೆ ವಿರುದ್ಧವೆಂದು ಅನಿಸದಂತಾಯಿತು.

2. ರೋಗ, ದೇವತೆ ಮತ್ತು ಊರು

ಜನಪದರು ರೋಗವನ್ನು ಎದುರಿಸಿದ ಕ್ರಮವನ್ನು ಗಮನಿಸಿದರೆ ಮಹತ್ವದ ಸಂಗತಿಯೊಂದು ಗೋಚರಿಸುತ್ತದೆ. ಸಿಡುಬಿಗೆ ಮಾರಮ್ಮನಿದ್ದಳು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದ ಮೇಲೆ ಪ್ಲೇಗಿನಮ್ಮ ಹುಟ್ಟಿಕೊಂಡಳು. ಕೋಲಾರ ಪಟ್ಟಣದ ಕೋಲಾರಮ್ಮನ ಗುಡಿಯಲ್ಲಿ ಚೇಳಿನ ಭಯಕ್ಕೆ ಚೇಳಮ್ಮನ ಆರಾಧನೆಯಿದೆ. ಭಯಕ್ಕೆ ಹೆಸರು, ರೂಪ, ಸ್ಥಳ ಕೊಟ್ಟು ಅದನ್ನು ಊರಿನ ನಡುವೆ ತರುವುದು ಜನಪದರ ಕ್ರಮ. ಬೇವು, ತಂಬಿಟ್ಟಿನ ದೀಪ, ತಮಟೆ, ಮಾರಿಯನ್ನು ಎಲ್ಲೆ ದಾಟಿಸುವ ಆಚರಣೆ ಇವೆಲ್ಲದರ ವೈದ್ಯಕೀಯ ಫಲ ಏನೇ ಇರಲಿ, ಸಾಮಾಜಿಕ ಫಲವಂತೂ ಸ್ಪಷ್ಟ. ರೋಗ ಒಂದು ಮನೆಯ ಗುಟ್ಟಾಗದೆ ಇಡೀ ಊರಿನ ಹೊಣೆಯಾಗುತ್ತಿತ್ತು. ತಮಟೆ ಹೊಡೆಯುವವರು, ಎಲ್ಲೆ ಕಾಯುವವರು, ನೀರು ಸೌದೆ ಹೊರುವವರು ಊರಿನ ತರುಣರೇ ಆಗಿರುತ್ತಿದ್ದರು.

ಕ್ಯಾನ್ಸರ್‌ಗೆ ಇಂಥ ಪ್ರಸಿದ್ಧ ದೇವತೆಯಿಲ್ಲ, ಜಾತ್ರೆಯಿಲ್ಲ. ಆಯುರ್ವೇದ ಇದನ್ನು ಹೋಲುವ ಗೆಡ್ಡೆಗಳನ್ನು ‘ಅರ್ಬುದ’ವೆಂದು ಗುರುತಿಸಿತ್ತು. ಆಧುನಿಕ ಕನ್ನಡದಲ್ಲಿ ‘ಏಡಿಗಂತಿ’ ಎಂಬ ಪದವೂ ಬಂದಿತು. ಆದರೆ ಆಡುಮಾತಿನಲ್ಲಿ ಅದು ‘ಕೆಟ್ಟ ಹುಣ್ಣು’, ಇಲ್ಲವೆ ‘ದೊಡ್ಡ ಕಾಯಿಲೆ’. ಹೆಸರು ಹೇಳಲು ಹಿಂಜರಿಯುವ ಈ ರೋಗ ಮನೆಯೊಳಗೇ ಅವಿತುಕೊಳ್ಳುತ್ತದೆ. ಸಾಂಕ್ರಾಮಿಕವಲ್ಲದ್ದರಿಂದ ಊರು ಬೆಚ್ಚುವುದಿಲ್ಲ; ನಿಧಾನವಾಗಿ ಬೆಳೆಯುವುದರಿಂದ ಮನೆಯವರೂ ಬೆಚ್ಚುವುದಿಲ್ಲ. ಬೆಚ್ಚುವ ವೇಳೆಗೆ ಹೊತ್ತು ಮೀರಿರುತ್ತದೆ. ಹೀಗೆ ಸಾಮೂಹಿಕ ಆಚರಣೆಯ ಆಸರೆಯಿಲ್ಲದ ರೋಗಕ್ಕೆ ಒಂದು ಸಾರ್ವಜನಿಕ ಸ್ಥಳವನ್ನು ಒದಗಿಸುವುದು ಇಂದಿನ ಅಗತ್ಯ. ವಾರಕ್ಕೆ ಹಲವು ಬಾರಿ ಜನ ತಾವಾಗಿ ಸೇರುವ ಆಟದ ಬಯಲು ಅಂಥ ಸ್ಥಳವಾಗಬಲ್ಲದು.

ಈ ಸೀಮೆಗೆ ಆರೋಗ್ಯ ಆಂದೋಲನ ಹೊಸದಲ್ಲ. ನೆರೆಯ ಮದನಪಲ್ಲಿಯ ಬಳಿಯ ಆರೋಗ್ಯವರಂನಲ್ಲಿ 1915ರಲ್ಲಿ ಕ್ಷಯರೋಗಿಗಳ ಆರೋಗ್ಯಧಾಮ ತೆರೆಯಿತು. ಭಾರತದಲ್ಲಿ ಬಿ.ಸಿ.ಜಿ. ಲಸಿಕೆಯ ಕಾರ್ಯ 1948ರಲ್ಲಿ ಆರಂಭವಾದದ್ದು ಮದನಪಲ್ಲಿಯಲ್ಲಿಯೇ. ಒಂದು ಕಾಲಕ್ಕೆ ಹೆಸರು ಹೇಳಲು ಅಂಜುತ್ತಿದ್ದ ಕ್ಷಯ ಇಂದು ಮುಕ್ತವಾಗಿ ಮಾತನಾಡುವ, ಔಷಧಿ ನುಂಗಿ ಗುಣಪಡಿಸಿಕೊಳ್ಳುವ ಕಾಯಿಲೆಯಾಗಿದೆ. ಒಂದು ರೋಗದ ಬಗೆಗಿನ ಮೌನ ಮುರಿಯಬಲ್ಲದು ಎಂಬುದಕ್ಕೆ ರಾಯಲ್ಪಾಡಿನ ನೆರೆಯಲ್ಲಿಯೇ ಆಧಾರವಿದೆ.

3. ತಾಂಬೂಲಕ್ಕೆ ಬಂದ ಅತಿಥಿ

ಬಾಯಿಯ ಕ್ಯಾನ್ಸರ್‌ನ ಚರ್ಚೆ ಎಲೆ ಅಡಿಕೆಯ ಚರ್ಚೆಯಿಲ್ಲದೆ ಪೂರ್ಣವಾಗದು. ತಾಂಬೂಲ ನಮ್ಮ ಸಂಸ್ಕೃತಿಯಲ್ಲಿ ಮರ್ಯಾದೆಯ ಸಂಕೇತ. ಮದುವೆಯ ನಿಶ್ಚಯ, ದಾನ, ಬೀಳ್ಕೊಡುಗೆ, ಹರಕೆ ಯಾವುದೂ ವೀಳ್ಯವಿಲ್ಲದೆ ನಡೆಯದು. 1443ರಲ್ಲಿ ವಿಜಯನಗರಕ್ಕೆ ಬಂದ ಅಬ್ದುರ್ ರಜಾಕ್ ಇಲ್ಲಿನ ವೀಳ್ಯದೆಲೆಯ ಬಗ್ಗೆ ಬೆರಗಿನಿಂದ ಬರೆದಿದ್ದಾನೆ. ಆ ತಾಂಬೂಲದಲ್ಲಿ ತಂಬಾಕು ಇರುವುದು ಸಾಧ್ಯವೇ ಇರಲಿಲ್ಲ. ಅಮೆರಿಕ ಖಂಡದ ಈ ಸೊಪ್ಪು ಪೋರ್ಚುಗೀಸರ ಮೂಲಕ ದಖನ್ನಿಗೆ ಬಂದದ್ದು ಅನಂತರ. ಅಕ್ಬರನ ರಾಯಭಾರಿ ಅಸದ್ ಬೇಗ್ ಬಿಜಾಪುರದಲ್ಲಿ ತಂಬಾಕನ್ನು ಕಂಡು ಸುಮಾರು 1604ರ ವೇಳೆಗೆ ಅದನ್ನು ಬಾದಶಹನ ಆಸ್ಥಾನಕ್ಕೆ ಒಯ್ದ ಪ್ರಸಂಗ ಇತಿಹಾಸದಲ್ಲಿ ದಾಖಲಾಗಿದೆ. ಅಂದರೆ ಹೊಗೆಸೊಪ್ಪು ತಾಂಬೂಲದ ಮೂಲ ಅಂಗವಲ್ಲ. ನಾಲ್ಕು ಶತಮಾನಗಳ ಹಿಂದೆ ಬಂದು ಮನೆಯವನಂತೆ ಉಳಿದುಕೊಂಡ ಅತಿಥಿ.

‘ಇದು ನಮ್ಮ ಹಿರಿಯರ ಪದ್ಧತಿ’ ಎಂಬ ಸಮರ್ಥನೆಗೆ ಈ ಚರಿತ್ರೆ ಉತ್ತರವಾಗಬಲ್ಲದು. ಆದರೆ ತಂಬಾಕನ್ನು ಮಾತ್ರ ದೂಷಿಸಿ ಅಡಿಕೆಯನ್ನು ಬಿಟ್ಟುಬಿಡುವುದು ಶಾಸ್ತ್ರೀಯವಾಗಲಾರದು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ತಂಬಾಕು ಸೇರಿದ ತಾಂಬೂಲವನ್ನು 1985ರಲ್ಲಿಯೂ, ತಂಬಾಕಿಲ್ಲದ ತಾಂಬೂಲ ಮತ್ತು ಅಡಿಕೆಯನ್ನು 2004ರಲ್ಲಿಯೂ ಕ್ಯಾನ್ಸರ್‌ಕಾರಕಗಳೆಂದು ವರ್ಗೀಕರಿಸಿತು. ದೇಶದಲ್ಲಿಯೇ ಅತಿ ಹೆಚ್ಚು ಅಡಿಕೆ ಬೆಳೆಯುವ ಕರ್ನಾಟಕಕ್ಕೆ ಇದು ನುಂಗಲಾರದ ತುತ್ತು. ಆಚರಣೆಯಲ್ಲಿ ತಟ್ಟೆಯ ಮೇಲಿಡುವ ವೀಳ್ಯಕ್ಕೂ ದಿನವಿಡೀ ದವಡೆಯಲ್ಲಿ ಒತ್ತಿಕೊಳ್ಳುವ ಚಟಕ್ಕೂ ಇರುವ ಅಂತರವನ್ನು ಬಿಡಿಸಿ ಹೇಳುವುದು ಜಾನಪದ ಬಲ್ಲವರ ಕರ್ತವ್ಯ. ಮೊದಲನೆಯದು ಸಂಕೇತ, ಎರಡನೆಯದು ಸೇವನೆ. ಸಂಕೇತ ಉಳಿಯಲು ಸೇವನೆ ಅನಿವಾರ್ಯವಲ್ಲ.

4. ರೋಗ ಯಾರ ಮನೆಯಲ್ಲಿದೆ

ಬೆಂಗಳೂರಿನಲ್ಲಿ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ 1973ರಲ್ಲಿ ಸ್ಥಾಪನೆಯಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ರಾಷ್ಟ್ರೀಯ ಯೋಜನೆಯಡಿ ಬೆಂಗಳೂರಿನ ಜನಸಂಖ್ಯಾಧಾರಿತ ಕ್ಯಾನ್ಸರ್ ನೋಂದಣಿ 1982ರಲ್ಲಿ ಆರಂಭವಾಯಿತು. ಈ ನೋಂದಣಿಯ ಆರಂಭದ ವರ್ಷಗಳಲ್ಲಿಯೇ ಅನಿರೀಕ್ಷಿತ ಸಂಗತಿಯೊಂದು ಹೊರಬಿತ್ತು. ಬೇರೆ ಹಲವೆಡೆ ಗಂಡಸರ ರೋಗವೆನಿಸಿದ್ದ ಬಾಯಿಯ ಕ್ಯಾನ್ಸರ್ ಇಲ್ಲಿ ಹೆಂಗಸರಲ್ಲಿ ಹೆಚ್ಚಾಗಿತ್ತು. ಹೊಗೆಸೊಪ್ಪು, ಕಡ್ಡಿಪುಡಿ ಬೆರೆಸಿದ ಎಲೆ ಅಡಿಕೆಯನ್ನು ಜಗಿಯುವ ಅಭ್ಯಾಸವೇ ಇದರ ಮುಖ್ಯ ಕಾರಣವೆಂದು ಅಧ್ಯಯನಗಳು ತೋರಿಸಿದವು. ಕೋಲಾರದ ಟಮಕದಲ್ಲಿ 1986ರಲ್ಲಿ ಆರಂಭವಾದ ಶ್ರೀ ದೇವರಾಜ ಅರಸು ವೈದ್ಯಕೀಯ ಕಾಲೇಜಿನ ವೈದ್ಯರು ಪ್ರಕಟಿಸಿದ ಬರಹಗಳಲ್ಲಿಯೂ ಇದೇ ಚಿತ್ರವಿದೆ. ಗ್ರಾಮೀಣ ಮಹಿಳೆಯರಲ್ಲಿ ಕೆನ್ನೆಯ ಒಳಪದರದ ಕ್ಯಾನ್ಸರ್ ವಿಶೇಷವಾಗಿ ಕಂಡುಬರುತ್ತದೆ. ಎಲೆ ಅಡಿಕೆ ತಂಬಾಕಿನ ಉಂಡೆಯನ್ನು ಕೆನ್ನೆಯಲ್ಲಿಟ್ಟುಕೊಂಡೇ ರಾತ್ರಿ ನಿದ್ರಿಸುವ ರೂಢಿ ಅಪಾಯವನ್ನು ಹೆಚ್ಚಿಸುತ್ತದೆ.

ಹೊಲದಲ್ಲಿ ಕಳೆ ಕೀಳುವ, ತೋಪಿನಲ್ಲಿ ಮಾವು ಆಯುವ, ಹಸಿವು ಆಯಾಸಗಳನ್ನು ಮರೆಯಲು ಎಲೆಚೀಲ ಬಿಚ್ಚುವ ಹೆಣ್ಣುಮಕ್ಕಳು ಈ ಅಂಕಿಅಂಶಗಳ ಹಿಂದೆ ಇದ್ದಾರೆ. ಸೊಂಟದ ಎಲೆಚೀಲ ಜಾನಪದ ವಸ್ತುಸಂಗ್ರಹಾಲಯಗಳಲ್ಲಿ ಕಲಾವಸ್ತುವಾಗಿ ಸ್ಥಾನ ಪಡೆದಿದೆ. ಅದರೊಳಗಿನ ಕಡ್ಡಿಪುಡಿಯ ಕತೆ ಆಸ್ಪತ್ರೆಯ ದಾಖಲೆಗಳಲ್ಲಿದೆ. ಇವೆರಡನ್ನೂ ಒಟ್ಟಿಗೆ ಓದುವ ಕೆಲಸ ಸಾಕಷ್ಟು ನಡೆದಿಲ್ಲ.

ಇಲ್ಲಿಯೇ ಪ್ರಸ್ತುತ ಪ್ರಶ್ನೆಯ ಕಠಿಣ ಭಾಗ ಎದುರಾಗುತ್ತದೆ. ಕ್ರೀಡಾಸಂಘ ಬಹುತೇಕ ತರುಣ ಗಂಡಸರ ಸಂಸ್ಥೆ. ಈ ಸೀಮೆಯಲ್ಲಿ ರೋಗದ ಭಾರ ಹೊರುವವರಲ್ಲಿ ನಡುವಯಸ್ಸು ದಾಟಿದ ಹೆಂಗಸರು ಹೆಚ್ಚು. ಬಯಲಿನಲ್ಲಿ ಭಾಷಣ ಮಾಡಿ ಮನೆಯ ಅಜ್ಜಿಯ ಬಾಯಿಯನ್ನು ನೋಡದ ಸಂಘ ‘ಮನೆಗೆ ಮಾರಿ, ಊರಿಗೆ ಉಪಕಾರಿ’ ಎಂಬ ಗಾದೆಗೆ ಉದಾಹರಣೆಯಾದೀತು.

5. ಕ್ರೀಡೆ ಮತ್ತು ತಂಬಾಕಿನ ಹಣ

ಆಟಕ್ಕೂ ತಂಬಾಕಿಗೂ ಇದ್ದ ನಂಟು ಕೇವಲ ಆಟಗಾರರ ಚಟದ್ದಲ್ಲ. 1996ರ ವಿಶ್ವಕಪ್ ಕ್ರಿಕೆಟ್ ಸಿಗರೇಟಿನ ಹೆಸರನ್ನೇ ಹೊತ್ತು ‘ವಿಲ್ಸ್ ವಿಶ್ವಕಪ್’ ಎನಿಸಿತ್ತು. ಆ ವರ್ಷದ ಮಾರ್ಚ್ 9ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಭಾರತ ಪಾಕಿಸ್ತಾನವನ್ನು ಸೋಲಿಸಿದ ಕ್ವಾರ್ಟರ್ ಫೈನಲ್ ಪಂದ್ಯವನ್ನು ಕನ್ನಡಿಗರು ಮರೆತಿಲ್ಲ. ಕನ್ನಡದ ಬೌಲರುಗಳು ಮೆರೆದ ಆ ಸಂಜೆಯ ಮೇಲೆ ಸಿಗರೇಟಿನ ಮುದ್ರೆಯಿತ್ತೆಂಬುದನ್ನು ಮಾತ್ರ ನೆನೆಯುವವರು ವಿರಳ. ಭಾರತ ತಂಡದ ಅಂಗಿಯ ಮೇಲೂ ಇದ್ದ ಆ ಹೆಸರು 2001ರಲ್ಲಿ ಕಂಪನಿ ಪ್ರಾಯೋಜಕತ್ವದಿಂದ ಹಿಂದೆ ಸರಿದ ಮೇಲೆ ಇಲ್ಲವಾಯಿತು. 2003ರ ತಂಬಾಕು ನಿಯಂತ್ರಣ ಕಾಯಿದೆ ಇಂಥ ಜಾಹೀರಾತು ಮತ್ತು ಪ್ರಾಯೋಜಕತ್ವಗಳನ್ನು ನಿಷೇಧಿಸಿತು. ಕರ್ನಾಟಕ ಸರ್ಕಾರ 2013ರಲ್ಲಿ ಗುಟ್ಕಾವನ್ನು ನಿಷೇಧಿಸಿತು.

ಆದರೂ ಹಣ ಬೇರೆ ದಾರಿ ಹಿಡಿಯಿತು. ಏಲಕ್ಕಿ, ಬಾಯಿ ಸುವಾಸನೆಯ ಪದಾರ್ಥಗಳ ಹೆಸರಿನಲ್ಲಿ ಪಾನ್ ಮಸಾಲೆಯ ಮುದ್ರೆಗಳು ಕ್ರಿಕೆಟ್ ಪ್ರಸಾರದಲ್ಲಿ ಕಾಣಿಸಿಕೊಂಡವು. ಐ.ಪಿ.ಎಲ್.ನಲ್ಲಿ ಇಂಥ ಪರೋಕ್ಷ ಜಾಹೀರಾತುಗಳನ್ನೂ ನಿಲ್ಲಿಸುವಂತೆ ಕೇಂದ್ರ ಆರೋಗ್ಯ ಇಲಾಖೆ 2025ರ ಮಾರ್ಚ್‌ನಲ್ಲಿ ಪತ್ರ ಬರೆಯಬೇಕಾಯಿತು. ಇನ್ನೊಂದೆಡೆ ಕನ್ನಡಿಗ ಆಟಗಾರ ರಾಹುಲ್ ದ್ರಾವಿಡ್ ಅವರು ಕೇಂದ್ರ ಸರ್ಕಾರದ ತಂಬಾಕು ವಿರೋಧಿ ಜಾಹೀರಾತಿನಲ್ಲಿ ಕಾಣಿಸಿಕೊಂಡರು. ಒಂದೇ ಆಟ ಎರಡು ದನಿಗಳಲ್ಲಿ ಮಾತನಾಡಿದಾಗ ಹಳ್ಳಿಯ ಹುಡುಗ ಯಾವುದನ್ನು ಕೇಳಬೇಕು ಎಂಬುದು ಸಹಜವಾದ ಪ್ರಶ್ನೆ. ಕ್ರೀಡಾಸಂಘಗಳು ಕ್ಯಾನ್ಸರ್ ಅರಿವನ್ನು ಬೆಂಬಲಿಸಬೇಕೆನ್ನುವುದಕ್ಕೆ ನೈತಿಕವಾದ ಕಾರಣ ಇದೇ. ಆಟ ಹಲವು ವರ್ಷ ತಂಬಾಕಿಗೆ ತನ್ನ ಕೀರ್ತಿಯನ್ನು ಎರವಲು ಕೊಟ್ಟಿತ್ತು; ಆ ಸಾಲ ಇನ್ನೂ ತೀರಿಲ್ಲ.

ಹೊರಗಿನ ನಿದರ್ಶನಗಳೂ ಉಪಯುಕ್ತ. ಆಸ್ಟ್ರೇಲಿಯದ ಬೌಲರ್ ಗ್ಲೆನ್ ಮೆಕ್‌ಗ್ರಾತ್ ಮತ್ತು ಸ್ತನ ಕ್ಯಾನ್ಸರ್‌ಗೆ ತುತ್ತಾದ ಅವರ ಪತ್ನಿ ಜೇನ್ 2005ರಲ್ಲಿ ಸ್ಥಾಪಿಸಿದ ಪ್ರತಿಷ್ಠಾನಕ್ಕಾಗಿ 2009ರಿಂದ ಸಿಡ್ನಿಯಲ್ಲಿ ಗುಲಾಬಿ ಟೆಸ್ಟ್ ನಡೆಯುತ್ತಿದೆ. ಅಲ್ಲಿ ಕೂಡಿದ ಹಣ ರೋಗಿಗಳ ಆರೈಕೆಯ ದಾದಿಯರ ಸೇವೆಗೆ ಸಲ್ಲುತ್ತದೆ. ಭಾರತದಲ್ಲಿ 2015ರಲ್ಲಿ ದೆಹಲಿ ತಂಡ, 2023ರಲ್ಲಿ ಗುಜರಾತ್ ತಂಡ ಕ್ಯಾನ್ಸರ್ ಅರಿವಿಗಾಗಿ ಒಂದೊಂದು ಪಂದ್ಯದಲ್ಲಿ ತಿಳಿನೇರಳೆ ಅಂಗಿ ತೊಟ್ಟವು. ಈ ಎರಡು ಬಗೆಗಳ ವ್ಯತ್ಯಾಸ ಗಮನಾರ್ಹ. ಅಂಗಿಯ ಬಣ್ಣ ಒಂದು ಸಂಜೆಯಲ್ಲಿ ಮುಗಿಯುತ್ತದೆ. ದಾದಿಯ ಸೇವೆ ವರ್ಷವಿಡೀ ನಡೆಯುತ್ತದೆ.

6. ಆಕ್ಷೇಪಗಳ ಪರಿಶೀಲನೆ

ಕ್ರೀಡಾಸಂಘಗಳ ಮೇಲೆ ಈ ಹೊಣೆ ಹೊರಿಸುವುದಕ್ಕೆ ಆಕ್ಷೇಪಗಳಿಲ್ಲದಿಲ್ಲ. ಚೆಂಡು ಬಲೆಗಳಿಗೇ ಚಂದಾ ಎತ್ತುವ ಹಳ್ಳಿಯ ಸಂಘಕ್ಕೆ ಇದು ಮಿತಿಮೀರಿದ ಭಾರವೆಂಬುದು ಮೊದಲನೆಯ ಆಕ್ಷೇಪ. ಇದರಲ್ಲಿ ಸತ್ಯಾಂಶವಿದೆ. ಆದ್ದರಿಂದಲೇ ಸಂಘದಿಂದ ಹಣವನ್ನಾಗಲಿ ವೈದ್ಯಕೀಯ ಸೇವೆಯನ್ನಾಗಲಿ ನಿರೀಕ್ಷಿಸುವುದು ಸರಿಯಲ್ಲ. ಅದು ಕೊಡಬಹುದಾದದ್ದು ಸ್ಥಳ, ಜನ ಮತ್ತು ಮಾತು.

ಅರಿವಿನ ಕಾರ್ಯಕ್ರಮಗಳು ಬ್ಯಾನರು, ಭಾಷಣ, ಛಾಯಾಚಿತ್ರಗಳಲ್ಲಿ ಮುಗಿದುಹೋಗುತ್ತವೆ ಎಂಬುದು ಎರಡನೆಯದು. ಇದು ಅನುಭವಸಿದ್ಧವಾದ ಮಾತು. ಅರಿವು ತಪಾಸಣೆಗೆ, ತಪಾಸಣೆ ಚಿಕಿತ್ಸೆಗೆ ದಾರಿಯಾಗದಿದ್ದರೆ ಅದು ಭಯವನ್ನು ಮಾತ್ರ ಬಿತ್ತುತ್ತದೆ.

ಮೂರನೆಯ ಆಕ್ಷೇಪ ಹೆಚ್ಚು ಸೂಕ್ಷ್ಮವಾದದ್ದು. ಬಲಿಷ್ಠ ದೇಹವನ್ನು ಆರಾಧಿಸುವ ಗರಡಿಯ ಮನೋಧರ್ಮದಲ್ಲಿ ರೋಗಿಯನ್ನು ದುರ್ಬಲನೆಂದು, ತಪ್ಪಿತಸ್ಥನೆಂದು ಕಾಣುವ ಅಪಾಯವಿದೆ. ‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬ ಗಾದೆಯನ್ನು ರೋಗ ಬಂದವನು ಊಟ ಬಲ್ಲವನಲ್ಲ ಎಂದು ತಿರುಗಿಸಿ ಓದಿದರೆ ಅದು ಕ್ರೂರವಾಗುತ್ತದೆ. 2011ರ ವಿಶ್ವಕಪ್‌ನಲ್ಲಿ 362 ರನ್ ಮತ್ತು 15 ವಿಕೆಟ್ ಗಳಿಸಿ ಸರಣಿಶ್ರೇಷ್ಠರಾದ ಯುವರಾಜ್ ಸಿಂಗ್ ಕ್ಯಾನ್ಸರ್‌ಗೆ ತುತ್ತಾಗಿರುವರೆಂಬುದು 2012ರಲ್ಲಿ ತಿಳಿಯಿತು. ಚಿಕಿತ್ಸೆ ಪಡೆದು ಅದೇ ವರ್ಷ ಅವರು ಮರಳಿ ಆಡಿದರು. ದೇಹಬಲ ಕ್ಯಾನ್ಸರ್‌ಗೆ ಕವಚವಲ್ಲ, ಕ್ಯಾನ್ಸರ್ ಬದುಕಿನ ಕೊನೆಯೂ ಅಲ್ಲ ಎಂಬ ಎರಡು ಸತ್ಯಗಳನ್ನು ಈ ಪ್ರಸಂಗ ಒಟ್ಟಿಗೆ ಹೇಳುತ್ತದೆ. ಗರಡಿಯ ಭಾಷೆಗೆ ಈ ತಿದ್ದುಪಡಿ ಅವಶ್ಯ.

7. ಸಂಘ ಮಾಡಬಹುದಾದದ್ದು

ಬಾಯಿಯ ಕ್ಯಾನ್ಸರ್ ಬರಿಗಣ್ಣಿಗೆ ಕಾಣುವ ರೋಗ. ಬಿಳಿಯ ಅಥವಾ ಕೆಂಪು ಮಚ್ಚೆ, ಎರಡು ಮೂರು ವಾರ ಕಳೆದರೂ ಮಾಯದ ಹುಣ್ಣು, ಬಾಯಿ ತೆರೆಯಲು ಕಷ್ಟವಾಗುವುದು ಇವು ಮುನ್ಸೂಚನೆಗಳು. ಕೇರಳದ ತಿರುವನಂತಪುರ ಜಿಲ್ಲೆಯ ಪಂಚಾಯತಿಗಳಲ್ಲಿ ನಡೆದು 2005ರಲ್ಲಿ ಪ್ರಕಟವಾದ ಪ್ರಸಿದ್ಧ ಅಧ್ಯಯನದಲ್ಲಿ ಬಾಯಿಯನ್ನು ಪರೀಕ್ಷಿಸಿದವರು ವೈದ್ಯರಲ್ಲ, ತರಬೇತಿ ಪಡೆದ ಪದವೀಧರರು. ತಂಬಾಕು ಇಲ್ಲವೆ ಮದ್ಯದ ಅಭ್ಯಾಸವಿದ್ದವರಲ್ಲಿ ಬಾಯಿಯ ಕ್ಯಾನ್ಸರ್‌ನಿಂದಾಗುವ ಸಾವು ಇಂಥ ತಪಾಸಣೆಯಿಂದ ಶೇಕಡಾ 34ರಷ್ಟು ಕಡಿಮೆಯಾಯಿತು. ತರಬೇತಿ ಪಡೆದ ಸಾಮಾನ್ಯರೂ ಜೀವ ಉಳಿಸಬಲ್ಲರೆಂಬುದಕ್ಕೆ ಇದಕ್ಕಿಂತ ಬಲವಾದ ಆಧಾರ ಬೇಕಿಲ್ಲ. ‘ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ’ ಎಂಬ ಗಾದೆ ಈ ರೋಗಕ್ಕೆ ಅಕ್ಷರಶಃ ಅನ್ವಯಿಸುತ್ತದೆ. ಆರಂಭದಲ್ಲಿ ಸಣ್ಣ ಶಸ್ತ್ರಚಿಕಿತ್ಸೆಯಿಂದ ಹೋಗಬಹುದಾದದ್ದು ತಡವಾದರೆ ದವಡೆಯನ್ನೇ ಬೇಡುತ್ತದೆ.

ಈ ಹಿನ್ನೆಲೆಯಲ್ಲಿ ಸಂಘದ ಕಾರ್ಯವನ್ನು ಮೂರು ಹಂತಗಳಲ್ಲಿ ಗುರುತಿಸಬಹುದು. ಮೊದಲನೆಯದು ಆತ್ಮಶಿಸ್ತು. ಅಂಕಣದ ಗೆರೆಯೊಳಗೆ, ಪಂದ್ಯಾವಳಿಯ ಚಪ್ಪರದಲ್ಲಿ ತಂಬಾಕು ಕೂಡದು. ಅದರ ವ್ಯಾಪಾರಿಯ ಹಣದಿಂದ ಬಹುಮಾನದ ಬಟ್ಟಲು ಕೊಳ್ಳಕೂಡದು. ಗರಡಿಯಲ್ಲಿ ಮೆಟ್ಟು ಹೊರಗಿಟ್ಟಂತೆ ಪೊಟ್ಟಣವನ್ನೂ ಹೊರಗಿಡುವುದು ಹಳೆಯ ನಿಯಮದ ಸಹಜ ವಿಸ್ತರಣೆ. ಉಸಿರು ಬಿಗಿಹಿಡಿದು ಬಾಯಿಬಿಟ್ಟು ಕೂಗುತ್ತಾ ಎದುರಾಳಿಯ ಅಂಕಣಕ್ಕೆ ನುಗ್ಗುವ ಕಬಡ್ಡಿಯಲ್ಲಿ ಉಸಿರು ಮತ್ತು ಬಾಯಿಗಳೇ ಆಟಗಾರನ ಬಂಡವಾಳ ಎಂಬುದನ್ನು ವಿವರಿಸಲು ಬೇರೆ ಭಾಷಣ ಬೇಕಿಲ್ಲ.

ಎರಡನೆಯದು ಮನೆಯ ಕಡೆಗಿನ ಹೆಜ್ಜೆ. ಆಟಗಾರನೊಬ್ಬ ತನ್ನ ತಾಯಿಯನ್ನು, ಅಜ್ಜಿಯನ್ನು ತಪಾಸಣೆಗೆ ಕರೆತರುವುದು ಪಂದ್ಯಾವಳಿಯಷ್ಟೇ ಗೌರವದ ಕೆಲಸವಾಗಬೇಕು. 2000-01ರಿಂದ ರಾಜ್ಯದಲ್ಲಿ ಬೆಳೆದ ಸ್ತ್ರೀಶಕ್ತಿ ಗುಂಪುಗಳು, 2005ರ ನಂತರ ಬಂದ ಆಶಾ ಕಾರ್ಯಕರ್ತೆಯರು ಹೆಂಗಸರ ನಡುವೆ ಈಗಾಗಲೇ ವಿಶ್ವಾಸ ಗಳಿಸಿದ್ದಾರೆ. ಸಂಘ ಅವರ ಮುಂದೆ ನಿಲ್ಲದೆ ಜೊತೆಗೆ ನಿಲ್ಲಬೇಕು. ಗರ್ಭಕೊರಳಿನ ಮತ್ತು ಸ್ತನದ ಕ್ಯಾನ್ಸರ್‌ಗಳ ವಿಷಯದಲ್ಲಂತೂ ಮಾತು ಹೆಂಗಸರಿಂದ ಹೆಂಗಸರಿಗೆ ಸಾಗುವುದೇ ಸೂಕ್ತ. ಖೋ ಖೋ, ಕಬಡ್ಡಿ ಆಡುವ ಹೆಣ್ಣುಮಕ್ಕಳ ತಂಡಗಳಿಗೆ ಸಂಘದಲ್ಲಿ ಸಮಾನ ಸ್ಥಾನ ದೊರೆತರೆ ಈ ದಾರಿ ಸುಗಮವಾಗುತ್ತದೆ.

ಮೂರನೆಯದು ಆಸ್ಪತ್ರೆಯೊಂದಿಗಿನ ಕೊಂಡಿ. ಮೂವತ್ತು ದಾಟಿದವರಿಗೆ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್‌ಗಳ ತಪಾಸಣೆ ರಾಷ್ಟ್ರೀಯ ಕಾರ್ಯಕ್ರಮದ ಭಾಗವಾಗಿದೆ. ಮನೆ ಬಾಗಿಲಿಗೇ ತಪಾಸಣೆ ಒಯ್ಯುವ ರಾಜ್ಯ ಸರ್ಕಾರದ ಗೃಹ ಆರೋಗ್ಯ ಯೋಜನೆ 2024ರಲ್ಲಿ ಕೋಲಾರ ಜಿಲ್ಲೆಯಿಂದಲೇ ಆರಂಭವಾಯಿತು. ಹೀಗೆ ವ್ಯವಸ್ಥೆ ಇದೆ; ಅದರೆಡೆಗೆ ಜನರನ್ನು ಕರೆದೊಯ್ಯುವ ಕೈ ಬೇಕಾಗಿದೆ. ಮಚ್ಚೆ ಕಂಡ ಮೇಲೆ ಕೋಲಾರಕ್ಕೋ ಬೆಂಗಳೂರಿಗೋ ಹೋಗಲು ಹೆದರಿ ಕುಳಿತ ಹಿರಿಯಳ ಜೊತೆ ಬಸ್ಸು ಹತ್ತುವ ತರುಣನೇ ನಿಜವಾದ ಸ್ವಯಂಸೇವಕ.

ವಿಶ್ವಾಸಕ್ಕೆ ಕಾರಣಗಳಿವೆ. ವಯಸ್ಕರ ತಂಬಾಕು ಬಳಕೆಯ ರಾಷ್ಟ್ರೀಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 2009-10ರಲ್ಲಿ ಶೇಕಡಾ 28.2ರಷ್ಟಿದ್ದ ಬಳಕೆದಾರರ ಪ್ರಮಾಣ 2016-17ರಲ್ಲಿ ಶೇಕಡಾ 22.8ಕ್ಕೆ ಇಳಿದಿತ್ತು. ರೂಢಿ ಬದಲಾಗುತ್ತದೆ, ಬದಲಾಯಿಸುವವರು ಹತ್ತಿರದವರಾಗಿದ್ದರೆ ಬೇಗ ಬದಲಾಗುತ್ತದೆ.

ಒಟ್ಟಾರೆಯಾಗಿ, ಕ್ರೀಡಾಸಂಘಗಳು ಕ್ಯಾನ್ಸರ್ ಅರಿವಿನ ಕಾರ್ಯವನ್ನು ಬೆಂಬಲಿಸುವುದು ಹೊರಗಿನಿಂದ ಹೇರಿದ ಹೊಣೆಯಲ್ಲ. ದೇಹವನ್ನು ಸಾಮೂಹಿಕ ವ್ರತವಾಗಿ ಕಂಡ ಗರಡಿಯ ಪರಂಪರೆಗೆ ಅದು ಮರಳುವ ದಾರಿ. ಆದರೆ ಗರಡಿಯ ಬಾಗಿಲು ಹೆಂಗಸರಿಗೆ ಮುಚ್ಚಿತ್ತೆಂಬುದನ್ನು ಮರೆತು ಆ ಪರಂಪರೆಯನ್ನು ಇದ್ದಂತೆಯೇ ಎತ್ತಿಕೊಂಡರೆ ರಾಯಲ್ಪಾಡಿನಂಥ ಸೀಮೆಯಲ್ಲಿ ಅದು ಅರ್ಧ ಊರಿನ ಕೆಲಸವಾಗುತ್ತದೆ, ಅದೂ ರೋಗ ಕಡಿಮೆಯಿರುವ ಅರ್ಧದ್ದು. ಮಾರಿಯನ್ನು ಎಲ್ಲೆ ದಾಟಿಸುವಾಗ ಊರಿನ ಪ್ರತಿ ಮನೆಯಿಂದಲೂ ಒಂದು ದೀಪ ಬರುತ್ತಿತ್ತು. ಆಟದ ಬಯಲಿನಿಂದ ಹೊರಡುವ ಅರಿವೂ ಹಾಗೆಯೇ ಪ್ರತಿ ಮನೆಯ ಒಳಗಿನವರೆಗೆ ತಲುಪಿದಾಗ ಮಾತ್ರ ಸಂಘದ ಶ್ರಮ ಸಾರ್ಥಕವೆನ್ನಬಹುದು.